ಗಂಟಲಿಗೆ ಕಫ ಇಳಿಯೋದಕ್ಕೆ ವಿಡಿಯೋ ಕಾಲ್‌ನಲ್ಲೇ ಡಾಕ್ಟರಿಗೆ ತೋರಿಸಿದರೆ ಸಾಕಾ?

ತಿಂಗಳಾದರೂ ಮೂಗಿನ ಹಿಂದಿನಿಂದ ಗಂಟಲಿಗೆ ಕಫ ಇಳಿಯೋದು ನಿಂತಿಲ್ಲ, ಇಎನ್‌ಟಿ ಡಾಕ್ಟರು ಇರೋದು ಜಿಲ್ಲಾ ಕೇಂದ್ರದಲ್ಲಿ ಮಾತ್ರ ಅಂತ ಬರೆದಿದ್ದೀರಿ. ಮೊದಲ ಸುತ್ತಿಗೆ ವಿಡಿಯೋ ಕಾಲ್ ಸಾಕು. ಈ ತೊಂದರೆಯ ಮೂಲ ಸಾಮಾನ್ಯವಾಗಿ ಸಿಕ್ಕಿಬೀಳೋದು ನಾವು ಹೇಳುವ ಮಾತಿನಲ್ಲೇ.

ಬೆಂಗಳೂರಿನ ಧೂಳಿನ ಕೃಪೆಯಿಂದ ನನಗೂ ಇದು ಹಳೇ ನಂಟು. ಡಾಕ್ಟರು ಟಾರ್ಚ್ ಹಾಕಿಸಿ, ಬಾಯಿ ತೆರೆಸಿ ನೋಡಿದ್ದು ಅರೆಗಳಿಗೆ. ಉಳಿದದ್ದೆಲ್ಲ ಪ್ರಶ್ನೆಗಳೇ. ಬೆಳಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು ಬರುತ್ತಾ? ಕಸ ಗುಡಿಸುವಾಗ ಕಣ್ಣು ತುರಿಸುತ್ತಾ? ಹಾಗಿದ್ದರೆ ಅಲರ್ಜಿಯ ಕಡೆ ಅನುಮಾನ. ಮುಖ ಭಾರ, ದಪ್ಪ ಸಿಂಬಳ, ವಾಸನೆಯೇ ಗೊತ್ತಾಗದು ಅಂದರೆ ಸೈನಸ್. ಉಂಡು ಮಲಗಿದರೆ ಹುಳಿತೇಗು, ಗಂಟಲುರಿ ಅಂದರೆ ಹೊಟ್ಟೆಯ ಆಸಿಡ್ ಮೇಲೇರುತ್ತಿರಬಹುದು. ಬಿಪಿ ಮಾತ್ರೆ ಯಾವುದು ಅಂತಲೂ ಕೇಳಿದರು. ರಾಮಿಪ್ರಿಲ್, ಎನಲಾಪ್ರಿಲ್‌ನಂಥವು ಕೆಲವರಿಗೆ ಒಣಕೆಮ್ಮು ತರಿಸುತ್ತವಂತೆ, ಅದನ್ನು ಕಫದ ಕೆಮ್ಮು ಅಂದುಕೊಳ್ಳುವವರಿದ್ದಾರೆ. (ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ.) ಇದಕ್ಕೆಲ್ಲ ಉತ್ತರ ಚೀಟಿಯಲ್ಲಿ ಬರೆದಿಟ್ಟುಕೊಂಡು, ಹಳೇ ಮಾತ್ರೆ ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತುಕೊಳ್ಳಿ.

ಅಲರ್ಜಿ ಅಂತಾದರೆ ಸಾಮಾನ್ಯವಾಗಿ ಬರೆಯೋದು ಫ್ಲೂಟಿಕಾಸೋನ್ ಅಥವಾ ಮೊಮೆಟಾಸೋನ್ ಮೂಗಿನ ಸ್ಪ್ರೇ. ಅದನ್ನು ಹೊಡೆಯುವ ಕ್ರಮವನ್ನು ಕ್ಯಾಮೆರಾ ಮುಂದೆಯೇ ಕಲಿಯಿರಿ. ನಮ್ಮ ಡಾಕ್ಟರು ಪೆನ್ನಿನ ಮುಚ್ಚಳ ಹಿಡಿದು ತೋರಿಸಿದರು: ತಲೆ ಸ್ವಲ್ಪ ಮುಂದಕ್ಕೆ ಬಗ್ಗಿರಬೇಕು, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಮೂಗಿನ ನಡುಗೋಡೆಗಲ್ಲ, ಕಿವಿಯ ಕಡೆಗೆ. ಆಮೇಲೆ ಜೋರಾಗಿ ಎಳೆದುಕೊಳ್ಳಬಾರದು. ಎಳೆದರೆ ಔಷಧಿ ಗಂಟಲಿಗೆ ಹೋಗುತ್ತೆ, ಮೂಗಿಗೆ ದಕ್ಕಲ್ಲ. ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಬೇಕು. ನಾಲ್ಕು ದಿನಕ್ಕೆ ಬಿಟ್ಟು ‘ಕೆಲಸಕ್ಕೆ ಬರಲ್ಲ’ ಅನ್ನುವವರೇ ಜಾಸ್ತಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿದ ಕೂಡಲೇ ಕೊಡುವ ಆಕ್ಸಿಮೆಟಾಜೋಲಿನ್ ಡ್ರಾಪ್ಸ್ ಬೇರೆ ಜಾತಿ. ನಾಲ್ಕೈದು ದಿನ ಮೀರಿ ಹಾಕಿದರೆ ಮೂಗು ಇನ್ನಷ್ಟು ಕಟ್ಟಿಕೊಳ್ಳುತ್ತೆ. ಸಿಂಬಳ ಹಳದಿಯಾದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕು ಅಂತಲೂ ಇಲ್ಲ.

ಜಲನೇತಿ ಅಥವಾ ಉಪ್ಪುನೀರಿನಲ್ಲಿ ಮೂಗು ತೊಳೆಯೋದು ನಿಜಕ್ಕೂ ಹಿತ. ಒಂದು ಲೋಟ, ಅಂದರೆ ಸುಮಾರು 240 ಮಿಲಿ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ನೀರನ್ನು ಮಾತ್ರ ಕುದಿಸಿ ಆರಿಸಲೇಬೇಕು. ಬಾವಿ, ನಲ್ಲಿಯ ಹಸಿ ನೀರಿನಲ್ಲಿರಬಹುದಾದ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಏರಬಲ್ಲದು. ಅಪರೂಪ, ಆದರೆ ಬಂದರೆ ಉಳಿಯೋದು ಕಷ್ಟ.

ಇನ್ನು ವಿಡಿಯೋದ ಮಿತಿ: ಮೂಗಿನೊಳಗೆ ದುರ್ಮಾಂಸ ಬೆಳೆದಿದೆಯೋ, ನಡುಗೋಡೆ ಎಷ್ಟು ಸೊಟ್ಟಗಿದೆಯೋ ಅನ್ನೋದಕ್ಕೆ ಎಂಡೋಸ್ಕೋಪಿಯೇ (ಸಣ್ಣ ಕ್ಯಾಮೆರಾ ನಳಿಕೆ ತೂರಿಸಿ ನೋಡುವ ಪರೀಕ್ಷೆ) ಬೇಕು. ಒಂದೇ ಹೊಳ್ಳೆಯಿಂದ ರಕ್ತ ಅಥವಾ ಕೆಟ್ಟ ವಾಸನೆಯ ಸಿಂಬಳ, ನುಂಗಲು ಕಷ್ಟ, ಮೂರು ವಾರ ದಾಟಿದ ದನಿ ಒಡಕು, ತೂಕ ಇಳಿಕೆ ಇದ್ದರೆ ಬಸ್ಸು ಹತ್ತಿ. ಉಸಿರಾಟವೇ ಕಷ್ಟವಾದರೆ ಹತ್ತಿರದ ಆಸ್ಪತ್ರೆಗೆ ತಡಮಾಡದೆ ಹೋಗಿ. ಸ್ಪ್ರೇಯನ್ನು ಸರಿಯಾಗಿ ಒಂದು ತಿಂಗಳು ಹಾಕಿಯೂ ಬದಲಾವಣೆ ಇಲ್ಲವಾದರೂ ನೇರವಾಗಿ ತೋರಿಸಿ.

ದುಡ್ಡಿನ ಯೋಚನೆಯಿದ್ದರೆ ಆನ್‌ಲೈನ್‌ನಲ್ಲೇ ಡಾಕ್ಟರಿಗೆ ತೋರಿಸುವ ಸರ್ಕಾರದ ಸೇವೆ ಇ-ಸಂಜೀವನಿ ಉಚಿತ. ಎಲ್ಲೇ ತೋರಿಸಿದರೂ ಔಷಧಿ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಅದು ಇರಲೇಬೇಕು.