‘ಆ ಅಣ್ಣ ಅಪ್ಪನ್ನ ನೋಡಿದ್ರಾ?’

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನ್ನ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಚಿಕ್ಕಮ್ಮ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳುಹಿಸಿದರು. ಅಪಘಾತದಲ್ಲಿ ಸತ್ತು, ಪರಲೋಕಕ್ಕೆ ಹೋಗಿ ಬಂದೆ ಎಂದು ಒಬ್ಬ ಯುವಕ ಅದರಲ್ಲಿ ಹೇಳುತ್ತಾನೆ. ಬಂಗಾರದ ಬೀದಿ, ಹೂದೋಟ, ತೀರಿಹೋದ ಅಜ್ಜಿ, ಎಲ್ಲವನ್ನೂ ವರ್ಣಿಸುತ್ತಾನೆ. ಪಕ್ಕದಲ್ಲಿದ್ದ ನನ್ನ ಏಳು ವರ್ಷದ ಮಗ “ಆ ಅಣ್ಣ ಅಪ್ಪನ್ನ ನೋಡಿದ್ರಾ?” ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಇಂಥದ್ದನ್ನು ನಂಬಬಹುದಾ? ನಂಬದಿದ್ದರೆ ಅದು ಅವಿಶ್ವಾಸವಾ?
– ಒಬ್ಬ ಸಹೋದರಿ, ಹಾಸನ

ಉತ್ತರ: ತಂಗಿ, ನಂಬದಿದ್ದರೆ ಅವಿಶ್ವಾಸವಲ್ಲ. ಮೊದಲು ಆ ಭಾರ ಇಳಿಸಿಬಿಡಿ. ಯಾರೋ ಕಂಡ ದರ್ಶನವನ್ನು ನಂಬಲೇಬೇಕು ಎಂದು ಸತ್ಯವೇದ, ಅಂದರೆ ಬೈಬಲ್, ಎಲ್ಲೂ ಹೇಳುವುದಿಲ್ಲ.

ಆ ಯುವಕ ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಹೇಳಲಾರೆ. ಅವನನ್ನು ಕಂಡವನಲ್ಲ ನಾನು. ಆದರೆ ಇಂಥ ಮಾತು ಹೇಗೆ ಬೆಳೆಯುತ್ತದೆ ಅನ್ನುವುದನ್ನು ನನ್ನ ಮನೆಯಲ್ಲೇ ನೋಡಿದ್ದೇನೆ.

ಬಹಳ ವರ್ಷಗಳ ಹಿಂದೆ ನಮ್ಮಮ್ಮನಿಗೆ ಹೃದಯದ ಆಪರೇಷನ್ ಆಯಿತು. ಎರಡು ದಿನ ಎಚ್ಚರ ಇರಲಿಲ್ಲ. ಕಣ್ಣು ಬಿಟ್ಟ ಮೇಲೆ ಅವರು ಹೇಳಿದ್ದು ಇಷ್ಟೇ: “ಅಣ್ಣ ಬಾವಿಕಟ್ಟೆ ಮೇಲೆ ಕೂತಿದ್ದ. ಕೈ ಒದ್ದೆ ಇತ್ತು. ನನ್ನ ಮಾತಾಡಿಸಲಿಲ್ಲ.” ಆ ಸೋದರಮಾವ ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು. ನನ್ನ ಮೈ ಜುಮ್ಮೆಂದಿತು. ಮುಂದಿನ ವಾರ ಮನೆಕೂಟದಲ್ಲಿ ಅದನ್ನೇ ಸಾಕ್ಷಿಯಾಗಿ ಹೇಳಿದೆ. ಆಮೇಲೆ ಇನ್ನೊಂದು ಕೂಟದಲ್ಲಿ ಹೇಳಿದೆ. ಜನ ಕಣ್ಣೀರು ಹಾಕಿದರು. ಮೂರನೇ ಸಲ ಹೇಳುವಾಗ ಮಾವನ ಮೈಮೇಲೆ ಬಿಳಿ ವಸ್ತ್ರ ಬಂದಿತ್ತು, ಬಾವಿ ಜೀವಜಲದ ಬುಗ್ಗೆಯಾಗಿತ್ತು. ಬೇಕೆಂದು ಸೇರಿಸಿದ್ದಲ್ಲ, ಅದಾಗೇ ಸೇರಿಕೊಂಡಿತು. ಅವತ್ತು ಅಮ್ಮ ಮುಂದಿನ ಚಾಪೆಯಲ್ಲಿ ಕೂತಿದ್ದರು. ಮನೆಗೆ ಬಂದ ಮೇಲೆ ಕೇಳಿದರು: “ನಾನು ಬಾವಿ ಅಂದೆ. ಬಿಳಿ ಬಟ್ಟೆ ಅಂತ ಯಾವಾಗ ಹೇಳಿದೆ?”

ಅವತ್ತಿನಿಂದ ಪ್ರಸಂಗಪೀಠದ ಮೇಲೆ ಆ ಕಥೆ ಹೇಳುವುದನ್ನು ಬಿಟ್ಟೆ. ಅಮ್ಮ ಕಂಡದ್ದು ಅಮ್ಮನದು. ಅದನ್ನು ಸಭೆಯ ನಂಬಿಕೆಗೆ ಆಧಾರ ಮಾಡುವ ಹಕ್ಕು ನನಗಿರಲಿಲ್ಲ.

ದೊಡ್ಡವನಾದ ನನ್ನಿಂದಲೇ ಹೀಗಾಯಿತು. ಮಗುವಿನ ಮಾತಾದರೆ? ಅಮೆರಿಕದ ಓಹಾಯೋದಲ್ಲಿ 2004ರ ನವೆಂಬರ್‌ನಲ್ಲಿ ಅಲೆಕ್ಸ್ ಮಲಾರ್ಕಿ ಎಂಬ ಆರು ವರ್ಷದ ಹುಡುಗ ಕಾರು ಅಪಘಾತಕ್ಕೆ ಸಿಕ್ಕಿದ. ಬೆನ್ನುಹುರಿಗೆ ಏಟು ಬಿತ್ತು, ಎರಡು ತಿಂಗಳು ಕೋಮಾದಲ್ಲಿದ್ದ. ಪರಲೋಕಕ್ಕೆ ಹೋಗಿ ಬಂದನೆಂದು 2010ರಲ್ಲಿ ತಂದೆಯ ಮತ್ತು ಅವನ ಹೆಸರಿನಲ್ಲಿ ಪುಸ್ತಕ ಬಂತು. ಹತ್ತು ಲಕ್ಷಕ್ಕಿಂತ ಜಾಸ್ತಿ ಪ್ರತಿ ಹೋಯಿತು. 2015ರ ಜನವರಿಯಲ್ಲಿ ಅದೇ ಹುಡುಗ ಬಹಿರಂಗ ಪತ್ರ ಬರೆದ. ನಾನು ಸಾಯಲಿಲ್ಲ, ಪರಲೋಕಕ್ಕೆ ಹೋಗಲಿಲ್ಲ, ಜನ ನನ್ನ ಕಡೆ ನೋಡಲಿ ಅಂತ ಹಾಗೆ ಹೇಳಿದೆ, ಸತ್ಯವೇದವೇ ಸಾಕು ಎಂದ. ಪ್ರಕಾಶಕರು ಪುಸ್ತಕ ಹಿಂದಕ್ಕೆ ತೆಗೆದುಕೊಂಡರು. ಆ ಹುಡುಗನ ಮೇಲೆ ನನಗೆ ಒಂದಿಷ್ಟೂ ಕೋಪವಿಲ್ಲ. ಹಾಸಿಗೆಯಲ್ಲಿದ್ದ ಮಗುವಿನ ಮಾತನ್ನು ಮಾರಾಟಕ್ಕಿಟ್ಟದ್ದು ದೊಡ್ಡವರು. ಅವನ ತಾಯಿ ಮೊದಲೇ ಇದು ಬೇಡ ಎಂದಿದ್ದರು, ಕೇಳಿದವರು ಕಡಿಮೆ.

ಈಗ ಬೇಥಾನ್ಯದ ಲಾಜರನನ್ನು ನೋಡಿ. ನಾಲ್ಕು ದಿನ ಸಮಾಧಿಯಲ್ಲಿದ್ದು ಯೇಸುವಿನ ಕರೆಗೆ ಎದ್ದು ಬಂದವನು. ಅವನನ್ನು ನೋಡಲೆಂದೇ ಜನ ಗುಂಪುಗುಂಪಾಗಿ ಬಂದರು. ಊಟದ ಪಂಕ್ತಿಯಲ್ಲಿ ಯೇಸುವಿನ ಜೊತೆ ಕೂತಿದ್ದ. ‘ಅಲ್ಲಿ ಏನು ಕಂಡೆ?’ ಅಂತ ಅವನ ಸಹೋದರಿ ಮಾರ್ಥಳಾದರೂ ಕೇಳಿರಲಿಕ್ಕಿಲ್ಲವಾ? ಆದರೂ ಯೋಹಾನನ ಸುವಾರ್ತೆಯಲ್ಲಿ ಲಾಜರನ ಬಾಯಿಂದ ಒಂದು ಮಾತೂ ಇಲ್ಲ. ಮೂರನೆಯ ಆಕಾಶದ ತನಕ ಒಯ್ಯಲ್ಪಟ್ಟ ಮನುಷ್ಯನ ವಿಷಯ ಅಪೊಸ್ತಲನಾದ ಪೌಲ ಕೊರಿಂಥ ಸಭೆಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಅದು ಅವನದೇ ಅನುಭವ, ಆದರೆ ‘ನಾನು’ ಅನ್ನಲೂ ಹಿಂಜರಿಯುತ್ತಾನೆ. ಹದಿನಾಲ್ಕು ವರ್ಷದ ಹಿಂದಿನದು ಎನ್ನುತ್ತಾನೆ. ಅಲ್ಲಿ ಕೇಳಿದ ಮಾತನ್ನು ಮನುಷ್ಯ ಆಡಬಾರದು ಎಂದು ಅಲ್ಲಿಗೇ ನಿಲ್ಲಿಸುತ್ತಾನೆ. ಆ ಎರಡನೆಯ ಕೊರಿಂಥ ಪತ್ರದ 12ನೆಯ ಅಧ್ಯಾಯ ಒಮ್ಮೆ ನಿಧಾನವಾಗಿ ಓದಿ. ಅವರು ಸುಮ್ಮನಿದ್ದ ಕಡೆ ನಾವು ಇಷ್ಟು ಮಾತಾಡುವುದು ನನಗೆ ಭಯ ಹುಟ್ಟಿಸುತ್ತದೆ.

ಹಾಗಾದರೆ ನಮಗೆ ಸುದ್ದಿ ತಂದವರು ಯಾರು? ಪರಲೋಕದಿಂದ ಇಳಿದು ಬಂದವನೇ ಹೊರತು ಯಾರೂ ಪರಲೋಕಕ್ಕೆ ಏರಿಹೋದವರಿಲ್ಲ ಎಂದು ಯೇಸು ಸ್ವಾಮಿ ನಿಕೊದೇಮನಿಗೆ ಹೇಳಿದರು. ಅದೇ ಸ್ವಾಮಿ ಶಿಲುಬೆಯ ಮೇಲೆ, ಪಕ್ಕದಲ್ಲಿ ಸಾಯುತ್ತಿದ್ದ ಕಳ್ಳನಿಗೆ “ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ” ಎಂದರು. ಗಮನಿಸಿ ತಂಗಿ, ಬೀದಿ ಯಾವುದರದ್ದು, ತೋಟ ಎಷ್ಟು ದೊಡ್ಡದು ಅಂತ ಅವನಿಗೆ ಒಂದೂ ಹೇಳಲಿಲ್ಲ. ‘ನನ್ನ ಸಂಗಡ’ ಅಂದರು. ಸಾಯುವವನಿಗೆ ಅಷ್ಟು ಸಾಕಾಯಿತು.

ಮಗ ಮತ್ತೆ ಕೇಳಿದರೆ ಮರೆಮಾಡಬೇಡಿ. “ಆ ಅಣ್ಣ ಅಪ್ಪನ್ನ ನೋಡಿದ್ರೋ ಇಲ್ವೋ ಅಮ್ಮನಿಗೆ ಗೊತ್ತಿಲ್ಲ ಕಂದಾ. ಅಪ್ಪ ಯೇಸು ಸ್ವಾಮಿ ಜೊತೆ ಇದ್ದಾರೆ. ಅದು ಸ್ವಾಮಿಯೇ ಕೊಟ್ಟ ಮಾತು” ಅನ್ನಿ. ಅವನು ಅತ್ತರೆ ನೀವೂ ಅಳಿ. ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಸ್ವಾಮಿ ಕಣ್ಣೀರು ಬಿಟ್ಟರಲ್ವಾ?

ಚಿಕ್ಕಮ್ಮನ ಮೇಲೆ ಬೇಸರ ಬೇಡ. ನಿಮ್ಮ ದುಃಖ ನೋಡಲಾಗದೆ ಕಳುಹಿಸಿದ್ದಾರೆ. ವಿಡಿಯೊ ಮುಂದೆ ಯಾರಿಗೂ ಕಳುಹಿಸಬೇಡಿ. ಒಂದು ಸಂಜೆ ಚಿಕ್ಕಮ್ಮನನ್ನೇ ಮನೆಗೆ ಕರೆಯಿರಿ, ಮಗನನ್ನು ನಡುವೆ ಕೂರಿಸಿಕೊಂಡು, ಆ ಕಳ್ಳನಿಗೆ ಸ್ವಾಮಿ ಕೊಟ್ಟ ಮಾತಿರುವ ಲೂಕನ ಸುವಾರ್ತೆಯ 23ನೆಯ ಅಧ್ಯಾಯ ಗಟ್ಟಿಯಾಗಿ ಓದಿ. ನಮ್ಮಮ್ಮನನ್ನು ಮಣ್ಣು ಮಾಡಿದ ದಿನ ನಾನು ಓದಿದ್ದೂ ಅದನ್ನೇ. ಬಾವಿಕಟ್ಟೆಯ ಮಾತು ಅವತ್ತು ಎತ್ತಲಿಲ್ಲ.