ಹನ್ನೊಂದಲ್ಲ, ಆರು

ಚಿಕ್ಕಮಗಳೂರಿನ ಹಿರಿಯ ಓದುಗರಿಗೆ ನಮಸ್ಕಾರಗಳು.

ಕಳೆದ ಸಂಚಿಕೆಯ ಜರ್ಮನಿಯ ಟೆನ್ನಿಸ್ ಆಟಗಾರ್ತಿ ಸ್ಟೆಫಿ ಗ್ರಾಫ್ ಕುರಿತ ಲೇಖನವನ್ನು ಆಕ್ಷೇಪಿಸಿ ನೀವು ಬರೆದ ಪತ್ರವೂ, ಅದರ ಜೊತೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಸಿದ್ಧಪಡಿಸಿದ ಪಟ್ಟಿಯೂ ಹಾಸನದ ನಮ್ಮ ಕಚೇರಿಗೆ ತಲುಪಿವೆ. ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯು.ಎಸ್. ಎಂಬ ನಾಲ್ಕು ದೊಡ್ಡ ಟೂರ್ನಿಗಳಲ್ಲಿ, ಅಂದರೆ ಗ್ರ್ಯಾನ್‌ಸ್ಲಾಮ್‌ಗಳಲ್ಲಿ, ಅವರು ಗೆದ್ದ 22 ಸಿಂಗಲ್ಸ್ ಪ್ರಶಸ್ತಿಗಳನ್ನು 'ಸಾರ್ವಕಾಲಿಕ ದಾಖಲೆ' ಎಂದದ್ದು ತಪ್ಪು ಎಂಬುದು ನಿಮ್ಮ ಮೊದಲ ಆಕ್ಷೇಪ. ಅವುಗಳಲ್ಲಿ ಅರ್ಧದಷ್ಟು 'ಹ್ಯಾಂಬರ್ಗಿನ ಚಾಕುವಿನ ಕೃಪೆ' ಎಂಬುದು ಎರಡನೆಯದು.

ಮೊದಲನೆಯದರಲ್ಲಿ ವಾದಕ್ಕೆ ಎಡೆಯೇ ಇಲ್ಲ. ಮಾರ್ಗರೆಟ್ ಕೋರ್ಟ್ ಅವರು 1973ರ ಹೊತ್ತಿಗೇ 24 ಪ್ರಶಸ್ತಿಗಳನ್ನು ಗೆದ್ದಾಗಿತ್ತು. ವೃತ್ತಿಪರರಿಗೂ ಪ್ರವೇಶ ದೊರೆತ, 1968ರಿಂದ ಈಚಿನ ಮುಕ್ತ ಯುಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೂ 2017ರಲ್ಲಿ ಸೆರೆನಾ ವಿಲಿಯಮ್ಸ್ 23ನೆಯದನ್ನು ಗೆದ್ದು ಗ್ರಾಫ್ ಅವರನ್ನು ದಾಟಿದರು. ಕರಡು ತಿದ್ದಿದವನು ನಾನೇ ಆದ್ದರಿಂದ ತಪ್ಪು ನನ್ನದು.

ಎರಡನೆಯದನ್ನು ಹಾಗೆಯೇ ಒಪ್ಪಲಾರೆ. 1993ರ ಏಪ್ರಿಲ್ 30ರಂದು, ಹ್ಯಾಂಬರ್ಗಿನಲ್ಲಿ ಆಟದ ನಡುವಿನ ವಿರಾಮದಲ್ಲಿ ಕುಳಿತಿದ್ದ ಹತ್ತೊಂಬತ್ತರ ಮೋನಿಕಾ ಸೆಲೆಸ್ ಅವರ ಬೆನ್ನಿಗೆ ಗ್ರಾಫ್ ಅಭಿಮಾನಿಯೊಬ್ಬ ಚಾಕು ಹಾಕಿದನು. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ, 1991ರ ಆಸ್ಟ್ರೇಲಿಯನ್ ಓಪನ್‌ನಿಂದ ಹಿಡಿದು, ಸೆಲೆಸ್ ತಾವು ಆಡಿದ ಎಂಟು ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಏಳನ್ನು ಗೆದ್ದಿದ್ದರು. ಆಗ ಗ್ರಾಫ್ ಅವರ ಖಾತೆಯಲ್ಲಿದ್ದವು 11, ಆಮೇಲೆ ಸೇರಿದವು ಮತ್ತೆ 11. ನಿಮ್ಮ ಪಟ್ಟಿಯಲ್ಲಿ ಈ ಎರಡನೆಯ ಹನ್ನೊಂದನ್ನು ಇಡಿಯಾಗಿ ಹೊಡೆದು ಹಾಕಲಾಗಿದೆ. ಆದರೆ ಸೆಲೆಸ್ 1995ರ ಆಗಸ್ಟ್‌ನಲ್ಲಿ ಅಂಗಳಕ್ಕೆ ಮರಳಿದ್ದರಲ್ಲವೇ? ಅವರಿಲ್ಲದ ಅವಧಿಯಲ್ಲಿ ಗ್ರಾಫ್ ಗೆದ್ದದ್ದು ಆರನ್ನು ಮಾತ್ರ. ಉಳಿದ ಐದರಲ್ಲೂ ಸೆಲೆಸ್ ಕಣದಲ್ಲಿದ್ದರು. 1995 ಮತ್ತು 1996ರ ಯು.ಎಸ್. ಓಪನ್ ಫೈನಲ್‌ಗಳಲ್ಲಿಯೂ 1999ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿಯೂ ಗ್ರಾಫ್ ಅವರ ಕೈಯಲ್ಲೇ ಸೋತರು. ಮರಳಿ ಬಂದವರು ಹಳೆಯ ಸೆಲೆಸ್ ಆಗಿರಲಿಲ್ಲ ಎಂದು ನೀವು ಹೇಳಬಹುದು, ಅದು ನಿಜವೇ. ಆದರೆ ಅದನ್ನು ಅಂಕಿಗಳಲ್ಲಿ ಕಳೆಯುವುದು ಹೇಗೆ?

ಆ ಆರರಲ್ಲಿಯೂ ಎರಡು ವಿಂಬಲ್ಡನ್‌ನವು. ಹುಲ್ಲಿನ ಅಂಗಳದಲ್ಲಿ ಗ್ರಾಫ್ ಅವರ ಬ್ಯಾಕ್‌ಹ್ಯಾಂಡ್ ಸ್ಲೈಸ್, ಅಂದರೆ ಚೆಂಡಿನ ಅಡಿಯನ್ನು ಸವರಿ ಹೊಡೆಯುವ ಹೊಡೆತ, ಮೇಲೇಳದೆ ನೆಲಕ್ಕಂಟಿಕೊಂಡೇ ಜಾರುತ್ತಿತ್ತು. ಎರಡೂ ಬದಿಗೆ ಎರಡೂ ಕೈಗಳಲ್ಲಿ ರ್‍ಯಾಕೆಟ್ ಹಿಡಿಯುವ ಸೆಲೆಸ್ ಅದಕ್ಕಾಗಿ ಮೊಣಕಾಲು ಬಗ್ಗಿಸಿ ಬಗ್ಗಿಸಿ ಆಡಬೇಕಾಗುತ್ತಿತ್ತು. ತಮ್ಮ ಆಟ ಶಿಖರದಲ್ಲಿದ್ದ 1992ರಲ್ಲಿಯೇ ಅವರು ಅಲ್ಲಿನ ಫೈನಲ್ ಅನ್ನು ಗ್ರಾಫ್ ಎದುರು 6-2, 6-1ರಿಂದ ಸೋತಿದ್ದರು. ವಿಂಬಲ್ಡನ್ ಅವರಿಗೆ ಕೊನೆಗೂ ದಕ್ಕಲಿಲ್ಲ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ಮಾತು ಬೇರೆ. ಅಲ್ಲಿ 1990ರಿಂದ ಸತತ ಮೂರು ವರ್ಷ ಸೆಲೆಸ್ ಅವರೇ ಗೆದ್ದಿದ್ದರು, 1992ರ ಫೈನಲ್‌ನಲ್ಲಂತೂ ಗ್ರಾಫ್ ಅವರನ್ನು ಮೂರನೆಯ ಸೆಟ್‌ನಲ್ಲಿ 10-8ರಿಂದ ಮಣಿಸಿದ್ದರು. ಆದ್ದರಿಂದ 1993 ಮತ್ತು 1995ರ ಫ್ರೆಂಚ್ ಓಪನ್, 1993ರ ಯು.ಎಸ್. ಓಪನ್, 1994ರ ಆಸ್ಟ್ರೇಲಿಯನ್ ಓಪನ್, ಈ ನಾಲ್ಕರ ಮುಂದೆ ನೀವು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ನಾನು ಅಳಿಸುವುದಿಲ್ಲ.

ಇನ್ನು, ಎದುರಾಳಿಗಳಿಲ್ಲದ ಕಾಲದಲ್ಲಿ ಗೆದ್ದವರು ಎಂಬ ನಿಮ್ಮ ಕೊನೆಯ ಸಾಲು. ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳ ಜೊತೆ ಸೋಲ್ ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದ 1988ರ ವಿಂಬಲ್ಡನ್ ಫೈನಲ್‌ನಲ್ಲಿ ಅವರ ಎದುರಿಗಿದ್ದವರು, ಹಿಂದಿನ ಆರು ವರ್ಷವೂ ಅಲ್ಲಿ ಗೆದ್ದಿದ್ದ ಮಾರ್ಟಿನಾ ನವ್ರಾಟಿಲೋವಾ. ಹಾಸನದ ಜುಲೈ ಮಳೆಯಲ್ಲಿ, ಅಣ್ಣ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದಾಗ, ನಾನು ಕೆಳಗಿನಿಂದ 'ಬಂತು, ಹೋಯ್ತು' ಎಂದು ಕೂಗುತ್ತಾ ಆ ಪಂದ್ಯವನ್ನು ನೋಡಿದವನು. ಮೊದಲ ಸೆಟ್ 5-7ರಿಂದ ಹೋಗಿ, ಎರಡನೆಯದರಲ್ಲಿ 0-2 ಹಿಂದಿದ್ದ ಗ್ರಾಫ್ ಅಲ್ಲಿಂದಾಚೆಗಿನ ಹದಿಮೂರು ಗೇಮ್‌ಗಳಲ್ಲಿ ಹನ್ನೆರಡನ್ನು ಗೆದ್ದರು. ಸೆಲೆಸ್ ಆಗಿನ್ನೂ ವೃತ್ತಿಪರ ಆಟಗಾರ್ತಿಯಾಗಿರಲಿಲ್ಲ.

ದಾಖಲೆ ಕುರಿತ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ನಿಮ್ಮ ಪಟ್ಟಿಯನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಅದರಲ್ಲಿನ ಕೆಂಪು ಶಾಯಿಯ ಗುರುತುಗಳು ನನ್ನವು.

— ಸಂಪಾದಕ