ಮಂಗಳೂರಿನ ಸುತ್ತಮುತ್ತ ಯಾವ ನೀರಿನ ಆಟಗಳನ್ನು ಆಡಬಹುದು?

ಒಂದೇ ದಿನ ಇದ್ದರೆ ಮೂಲ್ಕಿಗೆ ಹೋಗಿ. ಮಂಗಳೂರಿನಿಂದ ಉತ್ತರಕ್ಕೆ ಸುಮಾರು 30 ಕಿ.ಮೀ., ಉಡುಪಿ ಬಸ್ಸು ಹತ್ತಿದರೆ ಸಾಕು. ನಮ್ಮ ದೇಶದಲ್ಲಿ ಸರ್ಫಿಂಗ್ (ಹಲಗೆ ಮೇಲೆ ನಿಂತು ಅಲೆ ಸವಾರಿ) ಮೊದಲು ಬೇರುಬಿಟ್ಟ ಊರುಗಳಲ್ಲಿ ಇದೂ ಒಂದು. ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದಿತ್ತು.

ಕಲಿಯೋದು ಹೇಗೆ ಅಂದ್ರೆ, ಮೊದಲು ಮರಳಿನ ಮೇಲೇ ಪಾಠ. ಹಲಗೆ ಮೇಲೆ ಬೋರಲು ಮಲಗಿ, ಎದೆಯ ಪಕ್ಕ ಅಂಗೈ ಊರಿ, ಒಂದೇ ಸಲಕ್ಕೆ ಎದ್ದು ನಿಲ್ಲಬೇಕು. ಆಮೇಲೆ ಸೊಂಟದ ಮಟ್ಟದ ನೀರಿಗೆ. ಹಲಗೆಯಿಂದ ಕಾಲಿಗೆ ಕಟ್ಟಿದ ಹಗ್ಗ ಇರುವುದರಿಂದ ಬಿದ್ದರೂ ಹಲಗೆ ದೂರ ಹೋಗಲ್ಲ.

ಅಲೆ ಅಂದ್ರೆ ಭಯವಾ? ಅಲ್ಲೇ ಶಾಂಭವಿ ಹೊಳೆಯಲ್ಲಿ ಕಯಾಕ್ (ಹುಟ್ಟು ಹಾಕುವ ಪುಟ್ಟ ದೋಣಿ) ಹತ್ತಿ. ಬೆಳಿಗ್ಗೆ ಬೇಗ ಹೋದರೆ ನೀರು ಕನ್ನಡಿ ಥರ ಇರುತ್ತದೆ. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು, ನಡುವೆ ಬೆಳ್ಳಕ್ಕಿ. ನನಗಂತೂ ಸಮುದ್ರಕ್ಕಿಂತ ಇದೇ ಜಾಸ್ತಿ ಇಷ್ಟ.

ಜೆಟ್ ಸ್ಕೀ, ಸ್ಪೀಡ್ ಬೋಟ್ ಬೇಕಿದ್ದರೆ ಪಣಂಬೂರು ಕಡಲತೀರ. ಸ್ಕೂಬಾ ಡೈವಿಂಗಿಗೆ (ಉಸಿರಾಟದ ಸಾಧನ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯೋದು) ಮಾತ್ರ ದೂರ ಹೋಗಬೇಕು, ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ.

ಅಕ್ಟೋಬರ್‌ನಿಂದ ಮೇವರೆಗೆ ಬನ್ನಿ. ಜೂನ್, ಜುಲೈನಲ್ಲಿ ಮೀನುಗಾರರ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯಲ್ಲ, ನೀವೂ ಇಳಿಯಬೇಡಿ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಯಾವತ್ತೂ ಈಜಬೇಡಿ, ಅಲ್ಲಿ ಸೆಳೆತ ಜಾಸ್ತಿ. ಎಲ್ಲಾದರೂ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಲೇಬೇಡಿ.